ಹೋರಿ ಪಳಗಿಸುವ ಹೊಳೆಸಾಲು

ಎತ್ತು ಕೊಳ್ಳಲು ಬಂದವನು ಮೊದಲು ನೋಡುವುದು ಬಾಯಿ. ಒಂದು ಕೈಯಲ್ಲಿ ಮೂಗುದಾರ ಹಿಡಿದು, ಇನ್ನೊಂದು ಕೈಯಲ್ಲಿ ಕೆಳತುಟಿ ಸರಿಸಿ ಹಲ್ಲು ಎಣಿಸುತ್ತಾನೆ. ಎರಡಲ್ಲು ಎಂದರೆ ಎರಡೂವರೆ ವರ್ಷದ ಆಸುಪಾಸು. ನಾಲ್ಕಲ್ಲು ಎಂದರೆ ಮೂರು ದಾಟಿದೆ. ಎಂಟೂ ಹಲ್ಲು ಬಂದು ಬಾಯಿಗೂಡಿತೆಂದರೆ ಐದರ ಹತ್ತಿರ. ಆಮೇಲೆ ಗೊರಸು, ಬೆನ್ನು, ಮೈಮೇಲಿನ ಸುಳಿ. ಇಷ್ಟೆಲ್ಲ ಆದ ಮೇಲೆ ತಲೆಯೆತ್ತಿ ಕೇಳುತ್ತಾನೆ: ‘ಹೂಡಿ ನೋಡೀರೇನ್ರಿ? ಬಂಡಿಗೆ ಹೋಗ್ತಾವೋ, ಬರೀ ಕುಂಟಿಗೋ?’

ಅದಕ್ಕೆ ಸಿಗುವ ಉತ್ತರದ ಮೇಲೆ ರೇಟು ನಿಂತಿದೆ. ಅದೇ ಮೈಕಟ್ಟು, ಅದೇ ಬಣ್ಣ, ಅದೇ ಹಲ್ಲಿನ ಎರಡು ಜೋಡಿ ಪಕ್ಕಪಕ್ಕ ನಿಂತಿದ್ದರೂ, ಹೂಡಿದ ಜೋಡಿಗೂ ಹೂಡದ ಜೋಡಿಗೂ ಅಜಗಜಾಂತರ. ನಡುವಿನ ಆ ಹಣ ಯಾರೋ ಒಬ್ಬ ರೈತ ತಿಂಗಳುಗಟ್ಟಲೆ ಹೋರಿಯ ಜೊತೆ ಕಳೆದ ಹೊತ್ತಿನ ಕೂಲಿ. ದಾವಣಗೆರೆ, ಹರಿಹರ ಸುತ್ತಲಿನ ಹೊಳೆಸಾಲಿನ ಊರುಗಳಲ್ಲಿ ಈ ಕೂಲಿ ದುಡಿಯುವ ಕೈಗಳು ಇನ್ನೂ ಇವೆ. ಅವರ ಕಸುಬಿನ ಬಗ್ಗೆ ಬರೆದವರು ಕಡಿಮೆ.

ದಾವಣಗೆರೆ ನಗರಕ್ಕೂ ಹರಿಹರಕ್ಕೂ ನಡುವೆ ಇರುವುದು ಸುಮಾರು 14 ಕಿ.ಮೀ. ದಾವಣಗೆರೆ ಎಂದರೆ ಹೊರಗಿನವರಿಗೆ ಬೆಣ್ಣೆ ದೋಸೆ, ಮಂಡಕ್ಕಿ, ಹತ್ತಿ ಗಿರಣಿಗಳ ನೆನಪು. ಹರಿಹರ ಎಂದರೆ ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ಗುಡಿ, 1941ರಲ್ಲಿ ಬಂದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ. ಆದರೆ ಗಿರಣಿ, ಕಾರ್ಖಾನೆಗಳಿಗಿಂತ ಎಷ್ಟೋ ಮೊದಲು ಈ ಊರುಗಳನ್ನು ಬೆಳೆಸಿದ್ದು ಎತ್ತು. ಬೇತೂರಿನ ಪಕ್ಕದ ಸಣ್ಣ ಹಳ್ಳಿಯಾಗಿದ್ದ ದಾವಣಗೆರೆಯನ್ನು ಹೈದರ್ ಅಲಿ ಮರಾಠಾ ಸರದಾರ ಆಪೋಜಿ ರಾಮನಿಗೆ ಜಹಗೀರಾಗಿ ಕೊಟ್ಟ. ಆಪೋಜಿ ರಾಮ ವರ್ತಕರನ್ನು ಕರೆಸಿ ನೆಲೆಗೊಳಿಸಿದ. ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಂದ ವಾಲಾಜಾಪೇಟೆಯವರೆಗೆ ಹೋಗುತ್ತಿತ್ತು. ಆ ಕಡೆಯಿಂದ ಮದರಾಸಿನ ಸಾಮಾನು ಬರುತ್ತಿತ್ತು. ಅಷ್ಟು ದೂರದ ವ್ಯಾಪಾರ ನಡೆದದ್ದು ಎತ್ತಿನ ಬೆನ್ನ ಮೇಲೆ, ಎತ್ತಿನ ಬಂಡಿಯಲ್ಲಿ. ಹರಿಹರದಲ್ಲಿ ತುಂಗಭದ್ರೆಗೆ ಸೇತುವೆ ಆದದ್ದೇ 1868ರಲ್ಲಿ. ಅದಕ್ಕೂ ಮುಂಚೆ ಧಾರವಾಡದ ಕಡೆ ಹೋಗುವ ಬಂಡಿ ಹೊಳೆ ಇಳಿದೇ ದಾಟಬೇಕಿತ್ತು. ನೀರು ಕಂಡು ಬೆದರುವ ಎತ್ತಿಗೆ ಆ ದಾರಿಯಲ್ಲಿ ಕೆಲಸವಿರಲಿಲ್ಲ.

ಹರಿಹರದ ಇದೇ ದಂಡೆಯಲ್ಲಿ 1803ರ ಮಾರ್ಚ್‌ನಲ್ಲಿ ಮದರಾಸಿನ ದೊಡ್ಡ ಸೈನ್ಯ ಬೀಡು ಬಿಟ್ಟಿತ್ತು. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದ ಆರ್ಥರ್ ವೆಲ್ಲೆಸ್ಲಿ ಇಲ್ಲಿಂದಲೇ ಹೊಳೆ ದಾಟಿ ಪುಣೆಯತ್ತ ಹೊರಟದ್ದು. ಏಪ್ರಿಲ್ 20ಕ್ಕೆ ಅವನು ಪುಣೆ ಮುಟ್ಟಿದ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಸ್ಸೇ ಕಾಳಗ ಗೆದ್ದ. ಅವನ ಫಿರಂಗಿ ಎಳೆದದ್ದು ಮೈಸೂರಿನ ಎತ್ತು, ದವಸ ಹೊತ್ತು ಸೈನ್ಯದ ಬೆನ್ನಿಗೆ ನಡೆದದ್ದು ಲಂಬಾಣಿಗರ ಎತ್ತು. ಇತಿಹಾಸದ ಪುಸ್ತಕದಲ್ಲಿ ಸೇನಾನಿಯ ಹೆಸರಿದೆ. ಫಿರಂಗಿ ಸದ್ದಿಗೆ ಬೆದರದಂತೆ ಆ ಎತ್ತುಗಳನ್ನು ಪಳಗಿಸಿದವರ ಹೆಸರಿಲ್ಲ. ಇರಬೇಕಿತ್ತು ಎಂದು ನನಗೆ ಅನಿಸುತ್ತದೆ.

ಮೈಸೂರಿನ ಎತ್ತು ಎಂದಾಗ ಅಮೃತಮಹಲ್ ತಳಿಯ ಮಾತು ಬರಲೇಬೇಕು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯಾಗಿದ್ದ ಅರಮನೆಯ ದನದ ಹಿಂಡಿಗೆ ಟಿಪ್ಪು ಸುಲ್ತಾನ್ ‘ಅಮೃತಮಹಲ್’ ಎಂದು ಹೆಸರಿಟ್ಟ. ಹಾಲಿಗಿಂತ ಓಟಕ್ಕೆ, ಎಳೆತಕ್ಕೆ, ದಣಿವರಿಯದ ಕಾಲಿಗೆ ಹೆಸರಾದ ತಳಿ ಇದು. ಬೂದು ಮೈ, ಬುಡದಲ್ಲಿ ಒತ್ತಾಗಿ ಹುಟ್ಟಿ ಹಿಂದಕ್ಕೆ ಬಾಗಿ ಚೂಪಾಗುವ ಉದ್ದ ಕೊಂಬು, ಸುಮ್ಮನೆ ನಿಂತಾಗಲೂ ಸುಮ್ಮನಿರದ ಕಣ್ಣು. ಈ ತಳಿಯ ಸರ್ಕಾರಿ ಸಂವರ್ಧನಾ ಕೇಂದ್ರ ಇರುವುದು ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿ. ಬೀರೂರಿನಿಂದ ಚಿಕ್ಕಜಾಜೂರು, ದಾವಣಗೆರೆ ಹಾದು ಹರಿಹರಕ್ಕೆ ಬರುವ ರೈಲು ದಾರಿಯಲ್ಲೇ ಅಜ್ಜಂಪುರ ನಿಲ್ದಾಣವೂ ಇದೆ. ಸಂವರ್ಧನಾ ಕೇಂದ್ರದಿಂದ ಪ್ರತಿವರ್ಷ ಹೋರಿಗರುಗಳ ಹರಾಜು ನಡೆಯುತ್ತದೆ. ದಾವಣಗೆರೆ, ಹಾವೇರಿ, ಶಿವಮೊಗ್ಗ, ಚಿತ್ರದುರ್ಗ ಕಡೆಯ ರೈತರು ಹಗ್ಗ ಹೆಗಲಿಗೆ ಹಾಕಿಕೊಂಡು ಹೋಗಿ ಕೂಗುತ್ತಾರೆ.

ಹಗ್ಗ ಒಯ್ಯಲು ಕಾರಣವಿದೆ. ದನ ಮೇಯಲು ಬಿಟ್ಟ ಕಾವಲಿನ ಬಯಲಲ್ಲಿ ತಾಯಿ ಜೊತೆ ಮೇಯ್ದು ಬೆಳೆದ ಈ ಕರುಗಳಿಗೆ ಮನುಷ್ಯನ ಕೈ ತಾಕಿದ್ದೇ ಅಪರೂಪ. ಕೊಟ್ಟಿಗೆ ಗೊತ್ತಿಲ್ಲ, ಗೂಟ ಗೊತ್ತಿಲ್ಲ. ಹರಾಜಿನಲ್ಲಿ ಗೆದ್ದ ಮೇಲೆ ಹಿಡಿದು ಹಗ್ಗ ಹಾಕಿ ಲಾರಿ ಹತ್ತಿಸುವುದಕ್ಕೆ ನಾಲ್ಕಾರು ಗಟ್ಟಿ ಆಳು ಬೇಕು. ಪಾಠ ಶುರುವಾಗುವುದು ಅಲ್ಲಿಂದ.

ಮನೆಗೆ ತಂದ ಹೋರಿಯನ್ನು ಮೊದಲಿಗೆ ಕಟ್ಟುವುದು ಮನೆಯ ಹಳೇ ಎತ್ತಿನ ಮಗ್ಗುಲಲ್ಲಿ. ಹತ್ತಿರ ಹೋಗುವವರು ಒಬ್ಬರೇ ಇರಬೇಕು. ಮೇವು ಹಾಕುವವರು, ನೀರು ತೋರಿಸುವವರು, ಸಗಣಿ ಬಾಚುವವರು ಎಲ್ಲ ಅವರೇ. ಹುರುಳಿ ನುಚ್ಚು, ಹಿಂಡಿ ಕಲಸಿ ಅಂಗೈಯಲ್ಲಿ ಹಿಡಿದು ನಿಲ್ಲಬೇಕು. ಹೋರಿಯೇ ಮೂತಿ ಮುಂದೆ ಚಾಚುವವರೆಗೆ ಕಾಯಬೇಕು. ಆಮೇಲೆ ಕತ್ತು ತುರಿಸುವುದು, ಬೆನ್ನು ಸವರುವುದು, ಕೊನೆಗೆ ಹಿಂಗಾಲು ಮುಟ್ಟುವುದು. ಒದೆಯುವ ಚಾಳಿ ಬಿಡುವುದೂ ಕಲಿಯುವುದೂ ಇದೇ ದಿನಗಳಲ್ಲಿ.

ಹರಿಹರದ ಕೆಳಗಿನ ಹೊಳೆಸಾಲಿನ ಊರೊಂದರಲ್ಲಿ ಅಜ್ಜ, ಮೊಮ್ಮಗ ಸೇರಿ ಹೋರಿಗೆ ಮೂಗು ಚುಚ್ಚುವುದನ್ನು ಹತ್ತಿರದಿಂದ ನೋಡಿದೆ. ಎರಡು ಹೊಳ್ಳೆಗಳ ನಡುವೆ ಮೆತ್ತಗಿನ ಪೊರೆಯೊಂದಿದೆ. ಅಜ್ಜ ಕಣ್ಣು ಮುಚ್ಚಿ ಹೆಬ್ಬೆರಳು, ತೋರುಬೆರಳಿನಲ್ಲಿ ಒತ್ತಿ ಅದನ್ನು ಹುಡುಕಿದರು. ಅದರ ಹಿಂದಿನ ಗಟ್ಟಿ ಮೃದ್ವಸ್ಥಿಗೆ ತಾಕಿದರೆ ಗಾಯ ಬಹಳ ದಿನ ಮಾಯುವುದಿಲ್ಲ. ತೀರಾ ಮುಂದಕ್ಕೆ ಚುಚ್ಚಿದರೆ ಎಳೆದಾಗ ಹರಿಯುತ್ತದೆ. ಚುಚ್ಚಿದ ಕೂಡಲೇ ನೂಲಿನ ಹಗ್ಗ ಪೋಣಿಸಿ, ಅರಿಸಿನ ಕಲಸಿದ ಎಣ್ಣೆ ಬಿಟ್ಟರು. ಮೊಮ್ಮಗ ಹಗ್ಗದ ತುದಿ ಜಗ್ಗಿ ನೋಡಲು ಹೋದಾಗ, ‘ಬ್ಯಾಡೋ ತಮ್ಮಾ, ಮಾಯೋತನ ಮುಟ್ಟಬ್ಯಾಡ. ಈಗ ನೋಯಿಸಿದರ ಹಗ್ಗ ಕಂಡಾಗೆಲ್ಲ ತಲಿ ಎತ್ತತೈತಿ’ ಅಂದರು. ‘ಆತು ಅಜ್ಜಾ’ ಎಂದು ಹುಡುಗ ಕೈಬಿಟ್ಟ. ಆ ಗಾಯ ಮಾಯುವವರೆಗೆ ಹೋರಿಯನ್ನು ಕೊರಳ ಹಗ್ಗದಲ್ಲೇ ನಡೆಸುತ್ತಾರೆ.

ನೊಗ ಏರುವುದು ಇದೆಲ್ಲ ಆದ ಮೇಲೆ. ಈ ಕಸುಬಿನ ಜೀವಾಳ ಇಲ್ಲಿದೆ ಎಂದು ನಾನು ತಿಳಿದಿದ್ದೇನೆ: ಎತ್ತಿಗೆ ಪಾಠ ಹೇಳುವುದು ಇನ್ನೊಂದು ಎತ್ತು. ನೊಗದ ಒಂದು ಕಡೆ ಹತ್ತಾರು ಮಳೆಗಾಲ ಕಂಡ ಹಳೇ ಎತ್ತು, ಇನ್ನೊಂದು ಕಡೆ ಹೊಸ ಹೋರಿ. ಜತ್ತಿಗೆ ಬಿಗಿದ ಕೂಡಲೇ ಹೋರಿ ಹಿಂದಕ್ಕೆ ಜಗ್ಗುತ್ತದೆ, ಮುಂದಕ್ಕೆ ನೆಗೆಯುತ್ತದೆ, ಪಕ್ಕಕ್ಕೆ ತಿರುಗಿ ನಿಲ್ಲುತ್ತದೆ. ಹಳೇ ಎತ್ತು ಕದಲುವುದಿಲ್ಲ. ನಾಲಗೆ ಲೊಚಗುಟ್ಟಿದಾಗ ಮಾತ್ರ ಹೆಜ್ಜೆ ಕೀಳುತ್ತದೆ. ಹೋರಿ ಬೇರೆ ದಾರಿ ಕಾಣದೆ ಜೊತೆಗೆ ನಡೆಯುತ್ತದೆ. ಮೊದಲು ಬರೀ ನೊಗ ಹೊತ್ತು ಊರ ಸುತ್ತ ಓಡಾಟ. ಟ್ರ್ಯಾಕ್ಟರ್ ಸದ್ದು, ಶಾಲೆ ಬಿಟ್ಟ ಮಕ್ಕಳ ಗಲಾಟೆ, ಬಸ್ಸಿನ ಹಾರನ್ನು ಎಲ್ಲ ಆಗ ಪರಿಚಯವಾಗಬೇಕು. ಆಮೇಲೆ ನೊಗಕ್ಕೆ ಒಂದು ಕೊರಡು ಕಟ್ಟಿ ಎಳೆಸುವುದು. ಮರಳಿರುವ ಕಡೆ ಹೊಳೆಯ ಪಾತ್ರಕ್ಕೇ ಇಳಿಸುತ್ತಾರೆ. ಬಿದ್ದರೂ ಪೆಟ್ಟಾಗದು, ಹಾರಾಡಿದರೆ ಬೇಗ ಸುಸ್ತಾಗುತ್ತದೆ. ಕೊರಡಿನ ನಂತರ ಕುಂಟೆ, ಕುಂಟೆಯ ನಂತರ ಖಾಲಿ ಬಂಡಿ, ಕಡೆಗೆ ಹೇರು.

ಅವಸರ ಮಾಡಿದರೆ ಎರಡು ಕೇಡು. ಒಂದು, ಎಳೆ ಹೆಗಲಿನ ಚರ್ಮ ಗಟ್ಟಿಯಾಗುವ ಮುಂಚೆ ಭಾರ ಹೇರಿದರೆ ಹೆಗಲು ಬಾವು ಬರುತ್ತದೆ. ಆ ನೋವನ್ನು ಹೋರಿ ನೊಗದ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಎರಡನೆಯದು ಇದಕ್ಕಿಂತ ಕೆಟ್ಟದ್ದು: ದಣಿದ ಹೋರಿ ನಡುದಾರಿಯಲ್ಲಿ ಮಲಗಿಬಿಡುತ್ತದೆ. ಮಲಗಿದ ಕೂಡಲೇ ನೊಗ ಬಿಚ್ಚಿದಿರೋ, ಮಲಗಿದರೆ ಬಿಡುಗಡೆ ಎಂದು ಅದು ಕಲಿತುಬಿಟ್ಟಿತು. ಹಾಗೆ ಕಲಿತ ಎತ್ತು ಜೀವಮಾನವಿಡೀ ಹೇರು ಕಂಡಾಗ ಮಲಗುತ್ತದೆ. ಬಲ್ಲವರು ಅದಕ್ಕೇ ಹೋರಿ ದಣಿಯುವ ಮುಂಚೆ, ಅದು ಚೆನ್ನಾಗಿ ಹೆಜ್ಜೆ ಹಾಕುತ್ತಿರುವಾಗಲೇ ಬಿಚ್ಚುತ್ತಾರೆ. ಬಾರುಕೋಲಿನಿಂದ ಪಳಗಿಸಿದ ಎತ್ತಿಗೂ ಕೈಯಿಂದ ಪಳಗಿಸಿದ ಎತ್ತಿಗೂ ಇರುವ ವ್ಯತ್ಯಾಸ, ಅಪರಿಚಿತ ಹತ್ತಿರ ಬಂದಾಗ ಕಿವಿಯಲ್ಲಿ ಕಾಣುತ್ತದೆ. ಮೊದಲನೆಯದರ ಕಿವಿ ಹಿಂದಕ್ಕೆ ಅಂಟುತ್ತದೆ.

ಕುದುರೆಯ ಪಾಠ ಬೇರೆ. ಹೈದರ್, ಟಿಪ್ಪು ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್‌ನಲ್ಲಿ ಹುಟ್ಟಿದ ರೇಸ್ ಕುದುರೆಮರಿಗಳು ಎಳೆವಯಸ್ಸಿನಲ್ಲೇ ಮಾರಾಟವಾಗಿ, ಎರಡು ವರ್ಷಕ್ಕೆ ಓಟದ ಕಣಕ್ಕೆ ಇಳಿಯುತ್ತವೆ. ಅಲ್ಲೂ ಮೊದಲು ಬರೀ ಕೈಯ ಪರಿಚಯ, ನಂತರ ಉದ್ದ ಹಗ್ಗದಲ್ಲಿ ಸುತ್ತು, ಸವಾರನಿಲ್ಲದ ಜೀನು, ಕೊನೆಗೆ ಸವಾರ. ಆದರೆ ಕುದುರೆ ಬೆನ್ನ ಮೇಲಿನ ಮನುಷ್ಯನನ್ನು ಒಂಟಿಯಾಗಿ ಒಪ್ಪಿಕೊಳ್ಳಬೇಕು. ಎತ್ತಿಗೆ ಆ ಒಂಟಿತನವಿಲ್ಲ. ಅದು ಜೋಡಿಯಲ್ಲಿ ಕಲಿಯುತ್ತದೆ, ಜೋಡಿಯಲ್ಲಿ ದುಡಿಯುತ್ತದೆ, ಜೋಡಿಯಾಗಿಯೇ ಮಾರಾಟವಾಗುತ್ತದೆ. ಎಡಗಡೆ ಕಲಿತದ್ದನ್ನು ಬಲಗಡೆ ಹೂಡಿದರೆ ದಿಕ್ಕು ತಪ್ಪಿದ ಹಾಗೆ ನಿಲ್ಲುತ್ತದೆ.

ಮಾರುವ ಹೊತ್ತು ಬರುವುದು ಜಾತ್ರೆಗೆ. ಶಿವರಾತ್ರಿ ಮುಗಿದ ಕೂಡಲೇ ತುಂಗಭದ್ರೆಯ ದಂಡೆಯ ಕುರುವತ್ತಿ ಬಸವೇಶ್ವರ ಜಾತ್ರೆ. ದಾವಣಗೆರೆ, ಹರಿಹರ, ರಾಣೆಬೆನ್ನೂರು ಕಡೆಯಿಂದ ಕೊಲ್ಲಾರಿ ಬಂಡಿಗಳು ಸಾಲುಗಟ್ಟಿ ಹೊರಡುತ್ತವೆ. ಎತ್ತಿಗೆ ಜೂಲ, ಹಣೆಕಟ್ಟು, ಕೊರಳ ಗೆಜ್ಜೆ, ಕೊಂಬಿಗೆ ಹಿತ್ತಾಳೆಯ ಕಳಸ. ಭಕ್ತಿಯ ಜೊತೆಗೆ ಅದೊಂದು ಪರೀಕ್ಷೆಯೂ ಹೌದು. ಹಗಲು ರಾತ್ರಿ ನಡೆದು, ಗದ್ದಲದ ನಡುವೆ ನಿಂತು, ಬೇರೆಯವರ ಎತ್ತಿನ ಮಗ್ಗುಲಲ್ಲಿ ತಂಟೆಯಿಲ್ಲದೆ ಮೇವು ತಿಂದ ಹೊಸ ಜೋಡಿಗೆ ಬೇರೆ ಸರ್ಟಿಫಿಕೇಟು ಬೇಡ. ವ್ಯಾಪಾರ ಮಾತ್ರ ಹಳೇ ಪದ್ಧತಿಯದು: ದಲ್ಲಾಳಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ರೇಟು ಹೇಳುತ್ತಾನೆ, ಸುತ್ತ ನಿಂತವರಿಗೆ ಮುಖಭಾವವಷ್ಟೇ ಕಾಣುತ್ತದೆ.

ಈಗ ಈ ಲೆಕ್ಕ ಬದಲಾಗುತ್ತಿದೆ. ಭದ್ರಾ ಕಾಲುವೆಯ ನೀರು ಹರಿದ ಭತ್ತದ ಗದ್ದೆಗಳಿಗೆ ಟ್ರ್ಯಾಕ್ಟರ್, ಟಿಲ್ಲರ್ ಬಂದು ಬಹಳ ಕಾಲವಾಯಿತು. ಎತ್ತು ಉಳಿದಿರುವುದು ಮಳೆಯಾಶ್ರಯದ ಮೆಕ್ಕೆಜೋಳದ ಹೊಲದಲ್ಲಿ. ಪೈರು ಮೊಣಕಾಲೆತ್ತರ ಬಂದಾಗ ಸಾಲಿನ ನಡುವೆ ಎಡೆಕುಂಟೆ ಹೊಡೆಯಬೇಕು. ಅಲ್ಲಿ ಪೈರು ತುಳಿಯದೆ, ಬಾಯಿ ಹಾಕದೆ, ಸಾಲು ಬಿಡದೆ ನಡೆಯುವ ಜೋಡಿಯೇ ಬೇಕು. ಮೆಕ್ಕೆಜೋಳಕ್ಕೆ ಹೆಸರಾದ ಈ ಜಿಲ್ಲೆಯಲ್ಲಿ ಆ ಕೆಲಸ ಸಣ್ಣದಲ್ಲ. ಎಡೆ ಹೊಡೆಯುವ ಹದ ಬಂದಾಗ ಎತ್ತಿದ್ದವರ ಮನೆ ಮುಂದೆ ಎತ್ತಿಲ್ಲದವರು ಪಾಳಿ ಕಾಯುತ್ತಾರೆ. 2022ರಲ್ಲಿ ಚರ್ಮಗಂಟು ರೋಗ ಹರಡಿ ಸಂತೆ, ಜಾತ್ರೆಗಳಿಗೆ ನಿಷೇಧ ಬಿದ್ದಾಗ, ಪಳಗಿಸಿ ಇಟ್ಟ ಹೋರಿಗಳನ್ನು ಮಾರಲಾಗದೆ ಮೇವು ಹೊಂದಿಸಿದವರಿಗೆ ಪೆಟ್ಟು ಬಿತ್ತು. ಕೆಲವರು ಆ ವರ್ಷವೇ ಗೂಟ ಕಿತ್ತರು.

ಇನ್ನೊಂದು ಬದಲಾವಣೆ ನನ್ನನ್ನು ಹೆಚ್ಚು ಕಾಡುತ್ತದೆ. ಹಾವೇರಿ, ಶಿಕಾರಿಪುರ, ಹೊನ್ನಾಳಿ ಕಡೆ ದೀಪಾವಳಿಯ ನಂತರ ನಡೆಯುವ ಕೊಬ್ಬರಿ ಹೋರಿ ಹಬ್ಬ ಈಗ ಬಹಳ ದೊಡ್ಡದಾಗಿದೆ. ಕೊರಳಿಗೆ ಕೊಬ್ಬರಿ ಸರ ಕಟ್ಟಿ ಬಿಟ್ಟ ಹೋರಿ, ಹಿಡಿಯಲು ಬಂದವರ ಕೈಗೆ ಸಿಗದೆ ಓಡಬೇಕು. ಓಡುವ ಹೋರಿಗೆ ಹೆಸರಿದೆ, ಬಾವುಟವಿದೆ, ಅಭಿಮಾನಿಗಳಿದ್ದಾರೆ, ಹೂಡುವ ಎತ್ತಿಗೆ ಕನಸಿನಲ್ಲೂ ಸಿಗದ ಬೆಲೆಯಿದೆ. ಹೀಗಾಗಿ ಅಜ್ಜಂಪುರದಿಂದ ಬಂದ ಕರುವನ್ನು ಈಗ ಅನೇಕರು ನೊಗಕ್ಕೆ ತರುವುದೇ ಇಲ್ಲ. ಜನ ಕಂಡರೆ ಸಿಡಿಯುವ ಗುಣವನ್ನೇ ಉಳಿಸಿ, ಬೆಳೆಸಿ, ತೋರಿಸಿ ಮಾರುತ್ತಾರೆ. ಹಬ್ಬದ ಮೇಲೆ ನನಗೆ ಮುನಿಸಿಲ್ಲ. ತಳಿ ಉಳಿಯಲು ಅದರ ಬೇಡಿಕೆಯೂ ನೆರವಾಗಿದೆ. ಆದರೆ ಬೆದರುವ ಗುಣಕ್ಕೇ ಬೆಲೆ ಬಂದರೆ, ಬೆದರು ಬಿಡಿಸುವ ಕೈಗೆ ಕೆಲಸವೇನು? ಓಡಲು ಕಲಿಸಿದ ಹೋರಿ ವಯಸ್ಸಾಗಿ ಕಾಲು ಸೋತಾಗ ಹೊಲಕ್ಕೂ ಬಾರದು, ಬಂಡಿಗೂ ಬಾರದು. ಕುರುವತ್ತಿಯಲ್ಲಿ ಅದನ್ನು ಕೊಳ್ಳುವವರಿಲ್ಲ.

ಹಳೇ ಎತ್ತು ಇಲ್ಲದೆ ಹೊಸ ಎತ್ತು ಪಳಗುವುದಿಲ್ಲ ಎಂಬುದನ್ನು ಮರೆಯಬಾರದು. ಊರಲ್ಲಿ ಕಡೆಯ ಕಲಿತ ಜೋಡಿ ಮಾರಿಹೋದ ದಿನ, ಮುಂದಿನ ಹೋರಿಗೆ ಮೇಷ್ಟ್ರಿಲ್ಲ. ಹತ್ತು ವರ್ಷ ಬಿಟ್ಟು ಡೀಸೆಲ್ ದುಬಾರಿಯಾಯಿತೆಂದು ಎತ್ತು ತರಲು ಹೋದರೆ, ಎತ್ತು ಸಿಕ್ಕೀತು, ಪಾಠ ಸಿಗದು. ಅಜ್ಜಂಪುರದ ಹರಾಜಿನಲ್ಲಿ ಉಳುಮೆಗಾಗಿಯೇ ಕರು ಕೇಳುವ ಸಣ್ಣ ರೈತರಿಗೆ ಕೆಲವು ಜೋಡಿಗಳನ್ನು ಬೇರೆಯಾಗಿ ಇಟ್ಟರೆ ಆಗದೇ? ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರವಿದೆ. ಬೀಜ, ಗೊಬ್ಬರ, ಕೀಟಬಾಧೆಗೆ ನಡೆಯುವ ತರಬೇತಿಯ ಹಾಗೆ, ಮೂಗು ಚುಚ್ಚುವುದರಿಂದ ಹಿಡಿದು ಎಡೆಕುಂಟೆಯವರೆಗೆ ಹೋರಿ ಪಳಗಿಸುವ ತರಬೇತಿಯನ್ನೂ ಅಲ್ಲಿ ನಡೆಸಬಹುದು. ಕಲಿಸುವವರನ್ನು ದೂರದಿಂದ ಕರೆಸಬೇಕಿಲ್ಲ. ಹರಿಹರದ ಹೊಳೆಸಾಲಿನ ಮುದುಕರಿಗೆ ಗೌರವಧನ ಕೊಟ್ಟು ಕರೆದರೆ, ತಮ್ಮ ಹಳೇ ಎತ್ತನ್ನೂ ಹೊಡೆದುಕೊಂಡೇ ಬರುತ್ತಾರೆ.