ಕನ್ನಡದ ಕಿವಿ, ಮರಾಠಿಯ ಮಾತು

ಒಂದೇ ಶಬ್ದತರಂಗ ಇಬ್ಬರ ಕಿವಿಗೆ ಬಿದ್ದರೂ ಇಬ್ಬರಿಗೂ ಒಂದೇ ಧ್ವನಿ ಕೇಳಿಸುತ್ತದೆ ಎನ್ನುವಂತಿಲ್ಲ ಎಂಬುದಕ್ಕೆ, ಹಲವು ಭಾಷೆಗಳು ಒಂದೇ ಬೀದಿಯಲ್ಲಿ ಬೆರೆಯುವ ಪುಣೆ ಕ್ಯಾಂಪಿನಂತಹ ಪ್ರದೇಶ ಒಳ್ಳೆಯ ನಿದರ್ಶನ. ಮರಾಠಿಯಲ್ಲಿ ‘ಗರ್’ ಎಂದರೆ ಹಣ್ಣಿನ ತಿರುಳು, ‘ಘರ್’ ಎಂದರೆ ಮನೆ. ಆಡುಮಾತಿನಲ್ಲಿ ಮಹಾಪ್ರಾಣವನ್ನು ಬಹುಮಟ್ಟಿಗೆ ಅಲ್ಪಪ್ರಾಣವಾಗಿಯೇ ಉಚ್ಚರಿಸುವ ಕನ್ನಡಿಗರಿಗೆ, ಅದರಲ್ಲೂ ಊರಿಗೆ ಹೊಸದಾಗಿ ಬಂದವರಿಗೆ, ಈ ಅಂತರ ಸುಲಭವಾಗಿ ತಪ್ಪಿಹೋಗುತ್ತದೆ. ಹ್ರಸ್ವ ಮತ್ತು ದೀರ್ಘ ಎಕಾರ, ಒಕಾರಗಳ ಭೇದವಿಲ್ಲದ ಮರಾಠಿ ಮನೆಮಾತಿನವರಿಗೆ ‘ಬೆಳೆ’ ಮತ್ತು ‘ಬೇಳೆ’, ‘ಕೊಡು’ ಮತ್ತು ‘ಕೋಡು’ ಒಂದೇ ಎನಿಸುವುದೂ ಅಷ್ಟೇ ಸಹಜ. ಇದು ಕಿವಿಯ ದೋಷವಲ್ಲ. ಕೇಳಿದ ಶಬ್ದವನ್ನು ಮಿದುಳು ತನಗೆ ಪರಿಚಿತವಾದ ಧ್ವನಿವರ್ಗಗಳಲ್ಲಿ ಒಂದಕ್ಕೆ ಸೇರಿಸುವ ಕ್ರಿಯೆ, ಅಂದರೆ ವಾಕ್‌ಗ್ರಹಿಕೆ.

ಈ ವಿಷಯದ ಆರಂಭಿಕ ಸಂಶೋಧನೆ ಉತ್ತರವನ್ನು ಶಬ್ದತರಂಗದೊಳಗೇ ಹುಡುಕಿತು. ಅಮೆರಿಕದ ಹ್ಯಾಸ್ಕಿನ್ಸ್ ಪ್ರಯೋಗಾಲಯದಲ್ಲಿ ಆಲ್ವಿನ್ ಲಿಬರ್‌ಮನ್ ಮತ್ತು ಸಂಗಡಿಗರು ಕೃತಕ ಧ್ವನಿಗಳನ್ನು ಸಮಾನ ಹೆಜ್ಜೆಗಳಲ್ಲಿ ಬದಲಿಸುತ್ತ ಹೋದಾಗ, ಕೇಳುಗರಿಗೆ ಆ ಬದಲಾವಣೆ ಕ್ರಮೇಣ ಗೋಚರಿಸದೆ, ಒಂದು ಗಡಿಯಲ್ಲಿ ‘ಬ’ಕಾರ ಥಟ್ಟನೆ ‘ದ’ಕಾರವಾಗಿ ಕೇಳಿಸಿತು, 1957ರಲ್ಲಿ ಪ್ರಕಟವಾದ ಈ ಫಲಿತಾಂಶಕ್ಕೆ ವರ್ಗೀಯ ಗ್ರಹಿಕೆ ಎಂಬ ಹೆಸರು ಬಂತು. 1964ರಲ್ಲಿ ಲೀ ಲಿಸ್ಕರ್ ಮತ್ತು ಆರ್ಥರ್ ಅಬ್ರಾಮ್ಸನ್, ಮರಾಠಿ, ಹಿಂದಿ, ತಮಿಳುಗಳನ್ನೂ ಒಳಗೊಂಡ 11 ಭಾಷೆಗಳಲ್ಲಿ, ತುಟಿ ಅಥವಾ ನಾಲಿಗೆಯ ತಡೆ ಬಿಟ್ಟ ಕ್ಷಣಕ್ಕೂ ಧ್ವನಿತಂತುಗಳು ಕಂಪಿಸತೊಡಗುವ ಕ್ಷಣಕ್ಕೂ ನಡುವಿನ ಅವಧಿಯನ್ನು ಮಿಲಿಸೆಕೆಂಡುಗಳಲ್ಲಿ ಅಳೆದರು. ಈ ಒಂದೇ ಅಳತೆ ಹಲವು ಭಾಷೆಗಳ ವ್ಯಂಜನಗಳನ್ನು ಚೆನ್ನಾಗಿ ಬೇರ್ಪಡಿಸಿತಾದರೂ ಮರಾಠಿ, ಹಿಂದಿಗಳ ‘ಗ’ ಮತ್ತು ‘ಘ’ಗಳ ಮುಂದೆ ಸೋತಿತು, ಏಕೆಂದರೆ ಎರಡರಲ್ಲೂ ಕಂಪನ ತಡೆ ಬಿಡುವ ಮೊದಲೇ ಶುರುವಾಗಿರುತ್ತದೆ, ಇವುಗಳ ಭೇದ ಇರುವುದು ಅನಂತರದ ಉಸಿರು ಬೆರೆತ ಸ್ವರದಲ್ಲಿ. ನಮ್ಮ ಭಾಷೆಗಳು ಸಿದ್ಧಾಂತಕ್ಕೆ ಒಡ್ಡಿದ ಈ ಪರೀಕ್ಷೆಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಮುಂದೆ ಸಂಶೋಧನೆಯ ದೃಷ್ಟಿ ಶಬ್ದದಿಂದ ಕೇಳುಗನ ಅನುಭವದ ಕಡೆಗೆ ತಿರುಗಿತು. ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಕೂಸುಗಳು ಹಿಂದಿಯ ‘ತ’ಕಾರ ಮತ್ತು ‘ಟ’ಕಾರಗಳನ್ನು ಬೇರೆಬೇರೆಯಾಗಿ ಗುರುತಿಸುತ್ತವೆ, ಆದರೆ ವರ್ಷ ತುಂಬುವ ಹೊತ್ತಿಗೆ ಆ ಸಾಮರ್ಥ್ಯ ಬಹಳಷ್ಟು ಕುಗ್ಗಿರುತ್ತದೆ ಎಂದು ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ತೋರಿಸಿದರು. ಕೇಳುವುದರಲ್ಲಿ ಕಣ್ಣಿಗೂ ಪಾಲಿದೆ ಎಂಬುದು ಅದಕ್ಕೂ ಮೊದಲೇ, 1976ರಲ್ಲಿ, ಹ್ಯಾರಿ ಮೆಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ ಅವರ ಪ್ರಯೋಗದಿಂದ ಸ್ಪಷ್ಟವಾಗಿತ್ತು: ‘ಗ’ ಎನ್ನುವ ತುಟಿಗಳ ಚಿತ್ರದೊಂದಿಗೆ ‘ಬ’ ಎಂಬ ಧ್ವನಿಯನ್ನು ಕೇಳಿಸಿದರೆ ಹಲವರಿಗೆ ‘ದ’ ಎಂದು ಕೇಳಿಸಿತು. ಕುಗ್ಗಿದ ಸಾಮರ್ಥ್ಯ ಪೂರ್ತಿ ಅಳಿಯುವುದಿಲ್ಲ ಎಂಬುದು ಇನ್ನೂ ಮುಖ್ಯವಾದ ಅರಿವು. ಜಪಾನಿ ವಯಸ್ಕರಿಗೆ ಇಂಗ್ಲಿಷಿನ ರಕಾರ, ಲಕಾರಗಳನ್ನು ಕಲಿಸಿದ 1990ರ ದಶಕದ ಪ್ರಯೋಗಗಳಲ್ಲಿ, ಒಬ್ಬರ ಧ್ವನಿಗಿಂತ ಹಲವರ ಧ್ವನಿಗಳಲ್ಲಿ ಪದಗಳನ್ನು ಕೇಳಿ ಪಡೆದ ಕಲಿಕೆ ಹೊಸಬರ ಮಾತಿಗೂ ಅನ್ವಯವಾಯಿತು. ಈ ಲೆಕ್ಕದಲ್ಲಿ, ಪಾಠದ ಪುಸ್ತಕಕ್ಕಿಂತ ಸಂತೆಯ ಗದ್ದಲವೇ ಮರಾಠಿಯ ‘ಘ’ಕಾರಕ್ಕೆ ಉತ್ತಮ ಗುರು.

ಕ್ಯಾಂಪಿಗೆ ದೂರವಲ್ಲದ ಯೆರವಡಾದ ಡೆಕ್ಕನ್ ಕಾಲೇಜು, ವಿಲಿಯಂ ಬ್ರೈಟ್ ಬರೆದ ಆಡುಗನ್ನಡದ ವಿವರಣೆಯನ್ನು 1958ರಲ್ಲಿಯೇ ಪ್ರಕಟಿಸಿತು. ಕನ್ನಡವನ್ನು ಹೇಗೆ ಆಡುತ್ತಾರೆ ಎಂಬುದನ್ನು ದಾಖಲಿಸಿದ ಆ ನಗರದಲ್ಲಿ ಕನ್ನಡವನ್ನೂ ಮರಾಠಿಯನ್ನೂ ಹೇಗೆ ಕೇಳಿಸಿಕೊಳ್ಳುತ್ತಾರೆ ಎಂಬ ಅಧ್ಯಯನವೂ ಬೆಳೆಯುವುದು ನ್ಯಾಯ. ಇದರಿಂದ ನೇರ ಪ್ರಯೋಜನ ಸಿಗುವುದು ಕಿವಿ ಮಂದವಾದ ಹಿರಿಯರಿಗೆ. ಪದಗಳನ್ನು ಕೇಳಿಸಿ ಮರುನುಡಿಸುವ ಶ್ರವಣ ಪರೀಕ್ಷೆಯನ್ನು ಪರಭಾಷೆಯ ಪದಗಳಿಂದ ನಡೆಸಿದರೆ, ಕಿವಿಯ ಕೊರತೆ ಯಾವುದು, ಭಾಷೆಯ ಅಪರಿಚಯ ಯಾವುದು ಎಂದು ತಿಳಿಯುವುದಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದ್ದೇ ಪರೀಕ್ಷಾ ಪದಪಟ್ಟಿಗಳು ರೂಪುಗೊಂಡಿವೆ. ಹೊರನಾಡಿನ ಕನ್ನಡ ಕುಟುಂಬಗಳು ತಮ್ಮ ಹಿರಿಯರ ಪರೀಕ್ಷೆ ಮನೆಮಾತಿನಲ್ಲಿಯೇ ಆಗಲಿ ಎಂದು ಶ್ರವಣತಜ್ಞರನ್ನು ಕೇಳಿಕೊಳ್ಳಬೇಕು.