ನಿಮಗಿದು ಗೊತ್ತೆ? ಸುದ್ದಿಯ ಬೆನ್ನಟ್ಟಿದ ಹೆಲಿಕಾಪ್ಟರುಗಳು
ಹೆಲಿಕಾಪ್ಟರಿನಲ್ಲಿ ಕ್ಯಾಮೆರಾವನ್ನು ಅಳವಡಿಸಿ ಆಕಾಶದಿಂದಲೇ ಸುದ್ದಿಚಿತ್ರಗಳನ್ನು ಬಿತ್ತರಿಸುವ ಮಾರ್ಗವನ್ನು 1958ರಲ್ಲಿ ತೆರೆದವರು ಲಾಸ್ ಏಂಜಲೀಸಿನ ಕೆಟಿಎಲ್‌ಎ ಟಿವಿ ಕೇಂದ್ರದ ಎಂಜಿನಿಯರ್ ಜಾನ್ ಸಿಲ್ವಾ. ಆ ಮಾರ್ಗದ ಅಪಾಯವು ಘೋರರೂಪದಲ್ಲಿ ಪ್ರಕಟವಾದುದು 2007ರ ಜುಲೈ 27ರಂದು: ಅಮೆರಿಕದ ಫೀನಿಕ್ಸ್ ನಗರದಲ್ಲಿ, ಪೊಲೀಸರು ಬೆನ್ನಟ್ಟಿದ್ದ ವಾಹನವೊಂದನ್ನು ಮೇಲಿನಿಂದ ಚಿತ್ರಿಸುತ್ತಿದ್ದ ಎರಡು ಸುದ್ದಿ ಹೆಲಿಕಾಪ್ಟರುಗಳು ಪರಸ್ಪರ ಡಿಕ್ಕಿಯಾಗಿ ಉದ್ಯಾನವೊಂದರೊಳಕ್ಕೆ ಉರುಳಲು, ಅವುಗಳಲ್ಲಿದ್ದ ನಾಲ್ವರೂ ಮೃತರಾದರು. ಚಾಲಕರು ಒಬ್ಬರನ್ನೊಬ್ಬರು ಕಂಡು ದೂರ ಸರಿಯದೆ ಹೋದುದಕ್ಕೆ, ಯಂತ್ರವನ್ನು ನಡೆಸುತ್ತಲೇ ಕೆಳಗಿನ ವಾಹನವನ್ನು ದಿಟ್ಟಿಸುತ್ತ ವರದಿಯನ್ನೂ ಹೇಳಬೇಕಾಗಿದ್ದ ಹೊರೆಯು ಪೂರಕ ಕಾರಣವೆಂದು ತನಿಖಾ ಮಂಡಳಿಯು ನಿರ್ಣಯಿಸಿತು; ಎರಡೇ ಕಣ್ಣುಗಳಿಗೆ ಅಷ್ಟು ಕೆಲಸ ಹೊರಿಸಬಾರದಾಗಿತ್ತು. ಮನೆಗಳ ಮೇಲೆ ತಾಸುಗಟ್ಟಲೆ ಸುತ್ತುವ ಈ ಯಂತ್ರಗಳು ತಮ್ಮ ಸದ್ದಿನಿಂದ ನಿವಾಸಿಗಳ ನಿದ್ರೆಯನ್ನೂ ಕೆಡಿಸುತ್ತವೆ. ಕೆಳಗಿಳಿಯುವಾಗ ಕೇಳುವ ಆ ಪಟಪಟ ಸದ್ದು ಹುಟ್ಟುವುದು, ತಿರುಗುವ ಒಂದು ಅಲಗು ತನಗಿಂತ ಮುಂದೆ ಸಾಗಿದ ಅಲಗು ಬಿಟ್ಟುಹೋದ ಗಾಳಿಯ ಸುಳಿಗೆ ಬಡಿಯುವುದರಿಂದ.