ತೂಕ ತಪ್ಪಿದರೆ ಗಿಡುಗ ಕೈಬಿಟ್ಟಂತೆ

ಅಬುಧಾಬಿ ವಿಮಾನ ನಿಲ್ದಾಣಕ್ಕೆ ಅಷ್ಟೇನೂ ದೂರವಿಲ್ಲದ ಜಾಗದಲ್ಲಿ ಒಂದು ಆಸ್ಪತ್ರೆ ಇದೆ. ಅದರ ಕಾಯುವ ಕೋಣೆಯಲ್ಲಿ ಹಸಿರು ಹುಲ್ಲುಹಾಸು ಹೊದಿಸಿದ ಅಡ್ಡೆಗಳ ಮೇಲೆ ರೋಗಿಗಳು ಸಾಲಾಗಿ, ಕಣ್ಣು ಮುಚ್ಚುವ ಚರ್ಮದ ಟೊಪ್ಪಿಗೆ ತೊಟ್ಟು, ಕಮಕ್ ಕಿಮಕ್ ಎನ್ನದೆ ಕೂತಿರುತ್ತವೆ. ಎಲ್ಲವೂ ಗಿಡುಗಗಳೇ. 1999ರಲ್ಲಿ ಬಾಗಿಲು ತೆರೆದ ಅಬುಧಾಬಿ ಫಾಲ್ಕನ್ ಆಸ್ಪತ್ರೆಗೆ ಈಗ ವರ್ಷಕ್ಕೆ ಸುಮಾರು 11,000 ಹಕ್ಕಿಗಳು ಬರುತ್ತವೆ. ಇವುಗಳಿಗೆ ಪಾಸ್‌ಪೋರ್ಟ್ ಉಂಟು, ವಿಮಾನದಲ್ಲಿ ಸೀಟೂ ಉಂಟು. ಕರಾವಳಿಯಿಂದ ಅಲ್ಲಿಗೆ ದುಡಿಯಲು ಹೋದ ಕನ್ನಡಿಗರಿಗೆ ಇದೇನೂ ವಿಶೇಷವಲ್ಲ. ಊರಿಗೆ ಕಳಿಸಲು ಅವರು ಎಣಿಸುವ ದಿರ್ಹಮ್ ನೋಟಿನಲ್ಲೂ ಗಿಡುಗವೇ ಇದೆ.

ಆ ಆಸ್ಪತ್ರೆಯಲ್ಲಿ ನೋಡಲೇಬೇಕಾದ್ದು ಗರಿ ರಿಪೇರಿ. ರೆಕ್ಕೆಯ ಒಂದು ಗರಿ ಮುರಿದರೂ ಹಕ್ಕಿಯ ಹಾರಾಟ ಕುಂಟುತ್ತದೆ. ಅದಕ್ಕೆ ಗ್ಯಾಸ್ ಕೊಟ್ಟು ಮಲಗಿಸಿ, ಮುರಿದ ಗರಿಯನ್ನು ಬುಡದ ಹತ್ತಿರ ಕತ್ತರಿಸುತ್ತಾರೆ. ಗರಿಯ ದಂಟು ಒಳಗೆ ಟೊಳ್ಳು. ಅದರೊಳಕ್ಕೆ ಬಿದಿರಿನ ಸಣ್ಣ ಸೀಳೊಂದನ್ನು ಅಂಟು ಸವರಿ ತೂರಿಸಿ, ಹೊರಗುಳಿದ ತುದಿಗೆ ಬೇರೆ ಗರಿ ಸಿಕ್ಕಿಸುತ್ತಾರೆ. ಯಾವುದೋ ಗರಿ ಆಗುವುದಿಲ್ಲ. ಬಲರೆಕ್ಕೆಯ ಮೂರನೆಯದು ಮುರಿದಿದ್ದರೆ ಅದೇ ಜಾತಿಯ ಇನ್ನೊಂದು ಹಕ್ಕಿಯ ಬಲರೆಕ್ಕೆಯ ಮೂರನೆಯದೇ ಬೇಕು. ಅದಕ್ಕೆಂದೇ ಉದುರಿದ ಗರಿಗಳನ್ನು ವಿಂಗಡಿಸಿ ಕೂಡಿಟ್ಟಿರುತ್ತಾರೆ. ಮುಂದಿನ ಸಲ ಹಕ್ಕಿ ಗರಿ ಉದುರಿಸಿದಾಗ ಕಸಿ ಮಾಡಿದ್ದು ಬಿದ್ದುಹೋಗಿ ಸ್ವಂತದ್ದು ಮೂಡುತ್ತದೆ.

ಇಷ್ಟೆಲ್ಲ ಉಪಚಾರ ಕಂಡವರು, ಗಿಡುಗಕ್ಕೂ ಸಾಕಿದವನ ಮೇಲೆ ನಾಯಿಯಂತೆ ಪ್ರೀತಿ ಇರಬೇಕು ಎಂದುಕೊಳ್ಳುತ್ತಾರೆ. ಹಾಗೇನೂ ಇಲ್ಲ. ನಾಯಿ ಗುಂಪಿನ ಪ್ರಾಣಿ, ಅದಕ್ಕೆ ಯಜಮಾನ ಎಂಬ ಕಲ್ಪನೆ ಹುಟ್ಟಿನಿಂದಲೇ ಗೊತ್ತು. ಗಿಡುಗ ಒಂಟಿಯಾಗಿ ಬೇಟೆಯಾಡುವ ಜೀವ. ಗದರಿದರೆ ಹೆದರುತ್ತದೆಯೇ ಹೊರತು ಕಲಿಯುವುದಿಲ್ಲ. ಹೊಡೆದರಂತೂ ಕಥೆ ಮುಗಿಯಿತು. ಅದಕ್ಕೂ ಮನುಷ್ಯನಿಗೂ ಇರುವ ನಂಟು ಊಟದ್ದು ಮಾತ್ರ. ಹಾಗಾಗಿಯೇ ಗಿಡುಗವನ್ನು ಪಳಗಿಸಿ ಬೇಟೆಯಾಡಿಸುವ ವಿದ್ಯೆಯ ಮುಖ್ಯ ಸಲಕರಣೆ ಗ್ರಾಂ ತೋರಿಸುವ ಒಂದು ತಕ್ಕಡಿ.

ಹೊಸ ಹಕ್ಕಿಯನ್ನು ಮೊದಲ ದಿನಗಳಲ್ಲಿ ಟೊಪ್ಪಿಗೆ ಹಾಕಿ ಗಂಟೆಗಟ್ಟಲೆ ಕೈಗವಸಿನ ಮೇಲೆ ಕೂರಿಸಿಕೊಳ್ಳುತ್ತಾರೆ. ಆಮೇಲೆ ಮಬ್ಬು ಬೆಳಕಿನಲ್ಲಿ ಟೊಪ್ಪಿಗೆ ತೆಗೆದು ಕಾಲ ಬಳಿ ಮಾಂಸ ಇಡುತ್ತಾರೆ. ಬಾಯಿ ತೆರೆದು, ಗರಿಗಳನ್ನು ಮೈಗಂಟಿಸಿಕೊಂಡು ದಿಟ್ಟಿಸುತ್ತಿದ್ದರೆ ಅದಿನ್ನೂ ಹೆದರಿದೆ. ಎದುರಿಗಿರುವ ಮನುಷ್ಯನಿಂದ ಕಣ್ಣು ಕಿತ್ತು, ತಲೆ ಬಗ್ಗಿಸಿ ಮೊದಲ ತುತ್ತು ಹರಿದ ಗಳಿಗೆಯಲ್ಲಿ ಅರ್ಧ ಕೆಲಸ ಆದಂತೆ. ಮೈ ಉಬ್ಬಿಸಿ ಕೊಡವಿ, ಒಂದು ಕಾಲನ್ನು ಹೊಟ್ಟೆಯ ಪುಕ್ಕದೊಳಗೆ ಎಳೆದುಕೊಂಡು ನಿಂತರೆ ನೆಮ್ಮದಿಯಾಗಿದೆ ಎಂದು ಅರ್ಥ. ಮುಂದೆ ಒಂದು ಮಾರು ದೂರದಿಂದ ಕೈಗೆ ನೆಗೆಯುವುದು, ಉದ್ದ ದಾರ ಕಟ್ಟಿಕೊಂಡು ಹಾರುವುದು, ರೆಕ್ಕೆಗಳನ್ನು ಕಟ್ಟಿ ಮಾಡಿದ ಹುಸಿಬೇಟೆಯನ್ನು ಬೀಸಿದಾಗ ಬಂದೆರಗುವುದು. ಕೊನೆಗೊಂದು ದಿನ ದಾರ ಬಿಚ್ಚಬೇಕು. ತೂಕದ ಲೆಕ್ಕ ಕೆಲಸಕ್ಕೆ ಬರುವುದು ಆಗಲೇ. ಒಂದು ಕಿಲೋ ಆಸುಪಾಸಿನ ಹಕ್ಕಿಗೆ 20–30 ಗ್ರಾಂ ಏರಿದರೂ ಹೊಟ್ಟೆ ತುಂಬಿದ ಗರ್ವ: ಮರದ ಮೇಲೆ ಕೂತು ಕರೆದರೂ ತಿರುಗಿ ನೋಡುವುದಿಲ್ಲ, ಎದ್ದು ಹೋದರೂ ಹೋಯಿತು. ಅಷ್ಟೇ ಇಳಿದರೆ ಬೇಟೆಗೆ ಬೇಕಾದ ಕಸುವೇ ಇರುವುದಿಲ್ಲ. ಪಳಗಿದ ಬೇಟೆಗಾರ ದಿನವೂ ತೂಗುತ್ತಾನೆ. ಹಕ್ಕಿ ಕಕ್ಕಿದ ಪುಕ್ಕದ ಉಂಡೆಯನ್ನೂ ಒಡೆದು ನೋಡುತ್ತಾನೆ.

ಹಿಂದಿನ ಬೆದುಯಿನ್ ಅರಬರ ಬಳಿ ತಕ್ಕಡಿ ಇರಲಿಲ್ಲ. ಎದೆಯ ಮೂಳೆಯನ್ನು ಬೆರಳಲ್ಲಿ ಸವರಿಯೇ ತಿಳಿಯುತ್ತಿದ್ದರು. ಮರಳುಗಾಡಿನಲ್ಲಿ ಗಿಡುಗ ಬೇಟೆ ಶೋಕಿಯಾಗಿರಲಿಲ್ಲ, ಮಾಂಸದ ದಾರಿಯಾಗಿತ್ತು. ಶರತ್ಕಾಲದಲ್ಲಿ ಉತ್ತರದಿಂದ ವಲಸೆ ಬರುವ ಸೇಕರ್ ಮತ್ತು ಪೆರೆಗ್ರಿನ್ ಗಿಡುಗಗಳನ್ನು ಪಾರಿವಾಳದ ಆಸೆ ತೋರಿಸಿ ಹಿಡಿದು, ಎರಡು ಮೂರು ವಾರದಲ್ಲಿ ಪಳಗಿಸಿ, ಚಳಿಗಾಲವೆಲ್ಲ ಬೇಟೆಯಾಡಿ, ವಸಂತದಲ್ಲಿ ಬಿಟ್ಟುಬಿಡುತ್ತಿದ್ದರು. ಆ ಸೆಕೆಯಲ್ಲಿ ಸಾಕುವುದು ಸಾಧ್ಯವಿರಲಿಲ್ಲ. ಎ.ಸಿ. ಬಂದಮೇಲೆ ಗಿಡುಗಕ್ಕೆ ಬೇಸಿಗೆ ರಜೆ ತಪ್ಪಿತು.

ಎಣ್ಣೆಯ ದುಡ್ಡು ಬಂದಮೇಲೆ ಕೆಟ್ಟದ್ದೂ ಆಯಿತು. ಒಂಟೆಯ ಜಾಗಕ್ಕೆ ಜೀಪು ಬಂತು. ಗಿಡುಗಗಳ ಬೇಟೆಯಾದ, ನಮ್ಮ ಸಿರುಗುಪ್ಪದ ಎರೆಭೂತ ಹಕ್ಕಿಯ ನೆಂಟನಾದ ಹೌಬಾರಾ ಅರೇಬಿಯಾದಲ್ಲಿ ಬಹುತೇಕ ಕಾಣದಾಯಿತು. ಬೇಟೆಯ ತಂಡಗಳು ಹೌಬಾರಾ ಹುಡುಕಿಕೊಂಡು ಪಾಕಿಸ್ತಾನದತ್ತ ತಿರುಗಿದವು. 1970ರ ದಶಕದ ಕೊನೆಗೆ ಸೌದಿಯ ರಾಜಕುಮಾರನೊಬ್ಬ ಗಿಡುಗಗಳೊಂದಿಗೆ ರಾಜಸ್ಥಾನದ ಮರುಭೂಮಿಗೂ ಬಂದಿಳಿದ. ಜನ ಬೀದಿಗಿಳಿದು ಪ್ರತಿಭಟಿಸಿದ ಮೇಲೆ ಬೇಟೆ ನಿಂತಿತು. ಪಾಕಿಸ್ತಾನದಲ್ಲಿ ಸುಪ್ರೀಂ ಕೋರ್ಟು 2015ರಲ್ಲಿ ಹೌಬಾರಾ ಬೇಟೆ ನಿಷೇಧಿಸಿತು, 2016ರಲ್ಲಿ ತಾನೇ ಆ ತೀರ್ಪನ್ನು ಹಿಂತೆಗೆದುಕೊಂಡಿತು.

ಇದಿಷ್ಟನ್ನೇ ಕೇಳಿದರೆ ಗಿಡುಗ ಸಾಕುವವರನ್ನು ಖಳರೆಂದು ಬರೆದು ಮುಗಿಸಬಹುದು. ಆದರೆ ಪೆರೆಗ್ರಿನ್‌ನ ಕಥೆ ಅದಕ್ಕೆ ಅಡ್ಡ ಬರುತ್ತದೆ. ಗಂಟೆಗೆ 300 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಎರಗುವ ಹಕ್ಕಿ ಇದು. ಇದರ ಶಾಹೀನ್ ಎಂಬ ಒಳಜಾತಿ ನಮ್ಮ ಪಶ್ಚಿಮಘಟ್ಟದ ಬಂಡೆಗಳಲ್ಲೂ ಗೂಡು ಕಟ್ಟುತ್ತದೆ. 1960ರ ಸುಮಾರಿಗೆ ಬ್ರಿಟನ್ನಿನ ಪಾರಿವಾಳ ಸಾಕಣೆದಾರರು, ಪೆರೆಗ್ರಿನ್ ಹೆಚ್ಚಾಗಿ ತಮ್ಮ ಹಕ್ಕಿಗಳನ್ನು ತಿನ್ನುತ್ತಿವೆ ಎಂದು ದೂರಿದರು. ಎಣಿಸಲು ಹೋದ ವಿಜ್ಞಾನಿ ಡೆರೆಕ್ ರಾಟ್‌ಕ್ಲಿಫ್ ಕಂಡದ್ದು ಬರಿದಾದ ಗೂಡುಗಳನ್ನು. ಹಳೆಯ ಮೊಟ್ಟೆ ಸಂಗ್ರಹಗಳನ್ನು ತೂಗಿ ಅಳೆದು ಅವರು 1967ರಲ್ಲಿ ತೋರಿಸಿಕೊಟ್ಟದ್ದಿಷ್ಟು: ಮೊಟ್ಟೆಯ ಚಿಪ್ಪು ತೆಳುವಾಗುತ್ತಾ ಬಂದಿತ್ತು. ಕೀಟನಾಶಕ ಡಿಡಿಟಿ ತಾಯಿಯ ಮೈ ಸೇರಿ ಚಿಪ್ಪಿಗೆ ಸುಣ್ಣ ಸಿಗದಂತೆ ಮಾಡಿತ್ತು; ಕಾವು ಕೊಡಲು ಕೂತರೆ ಮೊಟ್ಟೆ ಒಡೆಯುತ್ತಿತ್ತು. ಆ ಹೊತ್ತಿಗೆ ಅಮೆರಿಕದ ಪೂರ್ವ ಭಾಗದಲ್ಲಿ ಮರಿ ಮಾಡುವ ಒಂದು ಜೋಡಿಯೂ ಉಳಿದಿರಲಿಲ್ಲ.

ಕಾರ್ನೆಲ್ ವಿಶ್ವವಿದ್ಯಾಲಯದ ಟಾಮ್ ಕೇಡ್ ಪ್ರಾಧ್ಯಾಪಕರೂ ಹೌದು, ಗಿಡುಗ ಬೇಟೆಗಾರರೂ ಹೌದು. 1970ರಲ್ಲಿ ಅವರು ಸಂಗಡಿಗರೊಂದಿಗೆ ಪೆರೆಗ್ರಿನ್ ಫಂಡ್ ಕಟ್ಟಿದಾಗ ಬೇಟೆಗಾರರು ತಮ್ಮ ಹಕ್ಕಿಗಳನ್ನೇ ತಂದುಕೊಟ್ಟರು. ಮನುಷ್ಯರ ಕೈಯಲ್ಲಿ ಬೆಳೆದ ಕೆಲವು ಗಂಡುಗಳು ಮನುಷ್ಯರನ್ನೇ ಜೋಡಿ ಎಂದು ತಿಳಿದಿದ್ದವು. ಅದನ್ನೇ ಬಳಸಿಕೊಂಡು, ತಲೆಗೊಂದು ವಿಚಿತ್ರ ಟೋಪಿ ಹಾಕಿ ಬಗ್ಗಿ ನಿಂತು, ಗಂಡು ಅದರ ಮೇಲೆ ಕೂಡಿದಾಗ ಸಿಕ್ಕ ವೀರ್ಯದಿಂದ ಹೆಣ್ಣುಗಳಿಗೆ ಗರ್ಭ ಕಟ್ಟಿಸಿದರು. ಓದಲು ನಗೆ ಬಂದರೂ ಹಕ್ಕಿಸಂಕುಲ ಉಳಿದದ್ದರಲ್ಲಿ ಆ ಟೋಪಿಯ ಪಾಲೂ ಇದೆ. ಮರಿಗಳನ್ನು ಕಾಡಿಗೆ ಬಿಡುವ ಕ್ರಮವೂ ಬೇಟೆಗಾರರ ಹಳೆಯದೇ: ಎತ್ತರದ ಬಂಡೆ, ಗೋಪುರಗಳ ಮೇಲಿನ ಪೆಟ್ಟಿಗೆಯಲ್ಲಿಟ್ಟು, ಮನುಷ್ಯ ಕಣ್ಣಿಗೆ ಬೀಳದಂತೆ ಉಣಿಸಿ, ಬೇಟೆ ಕಲಿತು ತಾವಾಗಿ ಹೋಗುವ ತನಕ ಅಲ್ಲೇ ಆಹಾರ ಇಡುವುದು. 1972ರಲ್ಲಿ ಅಮೆರಿಕ ಡಿಡಿಟಿ ನಿಷೇಧಿಸಿದ್ದೂ ಸೇರಿ, 1999ರಲ್ಲಿ ಪೆರೆಗ್ರಿನ್ ಅಲ್ಲಿನ ಅಪಾಯದ ಪಟ್ಟಿಯಿಂದ ಹೊರಬಂತು.

ಭಾರತದಲ್ಲೂ ಗಿಡುಗ ಬೇಟೆಗೆ ದೊಡ್ಡ ಇತಿಹಾಸವಿದೆ. ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಎಣಿಸಿದ ಇಪ್ಪತ್ತು ವಿನೋದಗಳಲ್ಲಿ ಶ್ಯೇನವಿನೋದವೂ ಒಂದು, ಅಂದರೆ 12ನೆಯ ಶತಮಾನದ ಕನ್ನಡ ನೆಲದ ಅರಮನೆಗೆ ಇದು ಕುಸ್ತಿ, ಸಂಗೀತಗಳ ಸಾಲಿನದು. ಮೊಘಲರಿಗಂತೂ ಇದರ ಹುಚ್ಚೇ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆಲ್ಲ ತೆರೆ ಎಳೆಯಿತು. ಯುನೆಸ್ಕೊ 2010ರಲ್ಲಿ ಗಿಡುಗ ಬೇಟೆಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು; 2021ರ ಹೊತ್ತಿಗೆ ಅದರಡಿ 24 ದೇಶಗಳಿದ್ದವು. ಪಾಕಿಸ್ತಾನ ಇದೆ, ಭಾರತ ಇಲ್ಲ. ಕಾಡುಹಕ್ಕಿಯ ಕಳ್ಳಸಾಗಣೆ ಇನ್ನೂ ನಿಲ್ಲದ ಕಾಲದಲ್ಲಿ ಹಾಗಿರುವುದೇ ಸರಿ.

ಈಗ ಕಷ್ಟದಲ್ಲಿರುವುದು ಅರಬರ ಅಚ್ಚುಮೆಚ್ಚಿನ ಸೇಕರ್. ಬಲೆಗೆ ಬಿದ್ದಷ್ಟೇ ಅಲ್ಲ, ಮಂಗೋಲಿಯಾದ ಬಯಲುಗಳಲ್ಲಿ ವಿದ್ಯುತ್ ಕಂಬದ ಮೇಲೆ ಕೂತು ಶಾಕ್ ಹೊಡೆಸಿಕೊಂಡೂ ಸಾಯುತ್ತಿದೆ. ಮರವಾಗಲಿ ಬಂಡೆಯಾಗಲಿ ಇಲ್ಲದ ಆ ಬಯಲಿನಲ್ಲಿ ಅಬುಧಾಬಿಯ ದುಡ್ಡಿನಿಂದ 5,000 ಕೃತಕ ಗೂಡುಗಳನ್ನು ಕಂಬಗಳ ಮೇಲೆ ನಿಲ್ಲಿಸಲಾಗಿದೆ. ಸೇಕರ್‌ಗಳು ಅವುಗಳಲ್ಲಿ ಮೊಟ್ಟೆಯಿಡುತ್ತಿವೆ. ವಿದ್ಯುತ್ ಕಂಬಗಳಿಗೆ ರಕ್ಷಾಕವಚ ತೊಡಿಸುವ ಕೆಲಸಕ್ಕೂ ಹಣ ಕೊಲ್ಲಿಯಿಂದಲೇ ಬಂದಿದೆ.